ನೋಟ್‌ಬುಕ್ಕಿನ ಚೆಂಡು

"ದ ಬಾಲ್ ಈಸ್ ಇನ್ ಯುವರ್ ಕೋರ್ಟ್," ಎಂದು ಬಟ್ಟೆ ಹೊಲಿಯುವಾಕೆ ಗಂಡನಿಗೆ ತಡವರಿಸದೆ ಹೇಳಿದಳು. ಮಗಳು ಯಾರ ಬಳಿ ಇರಬೇಕೆಂದು ವಿಚ್ಛೇದನದ ಮಧ್ಯಸ್ಥರು ಕೇಳಿದ್ದರು. "ಇವಳಿಗೆ ಎರಡು ಮಾತು ಇಂಗ್ಲಿಷ್ ಬರಲ್ಲ, ಮಗೂನ ಏನು ಓದಿಸ್ತಾಳೆ?" ಎಂದು ಗಂಡ ಆಗಷ್ಟೇ ಹಂಗಿಸಿದ್ದ.

ಬಾಗಿಲ ಬಳಿಯ ಬೆಂಚಿನಿಂದ ಮಗಳು ಶಹಬ್ಬಾಸ್ ಎಂಬಂತೆ ಹೆಬ್ಬೆರಳೆತ್ತಿದಳು. ನೋಟ್‌ಬುಕ್ಕಿನಲ್ಲಿ ಚೆಂಡಿನ ಚಿತ್ರ ಬರೆದು ಆ ನುಡಿಗಟ್ಟು ಕಲಿಸಿದ್ದವಳು ಅವಳೇ. "ತೀರ್ಮಾನ ನಿಮ್ದೇ ಅಂತ ಅರ್ಥ ಕಣಮ್ಮಾ, ಮರೀಬೇಡ," ಎಂದೂ ಆಗ ಹೇಳಿದ್ದಳು.

ಅಮ್ಮ ಮರೆತಿರಲಿಲ್ಲ. ತನಗೂ ಬರುತ್ತದೆಂದು ತೋರಿಸುವ ಆತುರದಲ್ಲಿ, ಏನನ್ನು ಒಪ್ಪಿಸುತ್ತಿದ್ದೇನೆಂದು ಯೋಚಿಸಿರಲಿಲ್ಲ, ಅಷ್ಟೆ.

"ತೀರ್ಮಾನ ನಂದೇ ಅಂದ್ರೆ, ಮಗು ನನ್ನ ಹತ್ರಾನೇ ಇರ್ಲಿ," ಎಂದ ಗಂಡ. ಮಧ್ಯಸ್ಥರು ಬರೆದುಕೊಂಡರು. "ಹಾಗಲ್ಲ ಸಾರ್," ಎಂದು ಅವಳು ಎದ್ದು ನಿಂತಳು. ಮಧ್ಯಸ್ಥರ ಪೆನ್ನು ನಿಲ್ಲಲಿಲ್ಲ. ಬೆಂಚಿನ ಮೇಲೆ ಮಗಳು ಹೆಬ್ಬೆರಳನ್ನು ಮೆಲ್ಲಗೆ ಮಡಚಿಕೊಂಡಳು.