ನದಿಯಿಂದ ಬಂದವನು

ಗೇಟಿನಾಚೆ ಸೂರಜ್‌ನ ಬೈಕು ನಿಂತ ಸದ್ದಿಗೆ ಸರಿಯಾಗಿ ದೀಕ್ಷಾಳ ಮೈಮೇಲೆ ನದಿಯವನು ಬಂದ.

ಅಡುಗೆಮನೆಯ ನೆಲದಲ್ಲಿ ಕೂದಲು ಕೆದರಿಕೊಂಡು ಕೂತ ಮಗಳು ಗಂಟಲಿನ ಆಳದಿಂದ ಗಂಡುದನಿ ತೆಗೆದಳು. "ಅವನನ್ನ ಒಳಗೆ ಬಿಡಬೇಡಿ. ಇವಳು ನನ್ನವಳು. ಅವ ಮುಟ್ಟಿದ್ರೆ ಈ ಮನೆ ಉಳಿಯೂದಿಲ್ಲ."

ಹೀರಾ ಬಂಗಡೆ ಹುರಿಯುತ್ತಿದ್ದ ಒಲೆ ಆರಿಸಿದಳು. ಗಂಡ ದೇವಿದಾಸ ಹೊರಗೋಡಿ, ಅಳಿಯನಾಗುವವನನ್ನು ಜಗಲಿಯಲ್ಲೇ ಕೂರಿಸಿದ.

ಕಾರಣವೇನೆಂಬುದು ಕೋಡಿಬಾಗದ ಆ ಓಣಿಗೆಲ್ಲ ಗೊತ್ತಿತ್ತು. ಮೊಬೈಲು. ಅದರಲ್ಲಿ ದೀಕ್ಷಾ ಹಗಲೂ ರಾತ್ರಿ ಓದುತ್ತಿದ್ದ ಕಥೆ. ನದಿಯಲ್ಲಿ ಮುಳುಗಿ ಸತ್ತ ಚೆಂದದ ಹುಡುಗನೊಬ್ಬ ಕಾಲೇಜು ಹುಡುಗಿಯನ್ನು ಪ್ರೀತಿಸುತ್ತಾನೆ. ಅವಳು ಮಲಗಿದ್ದಾಗ ಕಿಟಕಿಯಲ್ಲಿ ನಿಂತು ನೋಡುತ್ತಾನೆ. ಬೇರೆಯವರ ಜೊತೆ ನಕ್ಕರೆ ಅವಳ ಮಣಿಕಟ್ಟು ತಿರುಚುತ್ತಾನೆ, ಆಮೇಲೆ ತಾನೇ ಅಳುತ್ತಾನೆ. ಓದಿದ ಹುಡುಗಿಯರೆಲ್ಲ, ಪ್ರೀತಿ ಅಂದರೆ ಇದು ಎಂದು ನಿಟ್ಟುಸಿರು ಬಿಡುತ್ತಿದ್ದರು. ದೀಕ್ಷಾಳೂ ಬಿಟ್ಟಿದ್ದಳು. ಸೂರಜ್‌ನ ಪರಿಚಯವಾದದ್ದೂ ಆ ಕಥೆಯ ಬಗ್ಗೆ ಮೊಬೈಲಿನಲ್ಲಿ ಹರಟುತ್ತಲೇ.

ಸೂರಜ್ ಒಳ್ಳೆಯ ಸಂಬಂಧ. ಸದಾಶಿವಗಡದವ. ಜಾತಿ ಕೂಡಿತ್ತು, ಕಾಯಂ ನೌಕರಿಯಿತ್ತು. ಹುಡುಗಿಯ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ. ಕಾಲೇಜು ಬಿಡುವ ಹೊತ್ತಿಗೆ ಗೇಟಿನಲ್ಲಿರುತ್ತಿದ್ದ. ಫೋನು ಎತ್ತದಿದ್ದರೆ ಮನೆಗೇ ಬರುತ್ತಿದ್ದ. ಅವಳು ಯಾರ ಜೊತೆ ಮಾತಾಡಬೇಕು, ಏನು ತೊಡಬೇಕು, ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ.

"ಇಷ್ಟು ಕಾಳಜಿ ಮಾಡೋ ಗಂಡು ಎಲ್ಲಿ ಸಿಕ್ತಾನೆ ಹೇಳು," ಎಂದು ಪಕ್ಕದ ಮನೆಯ ಸುಮಿತಾ ಹೊಟ್ಟೆಕಿಚ್ಚಿನಿಂದಲೇ ಹೇಳಿದ್ದಳು.

ನಿಶ್ಚಿತಾರ್ಥಕ್ಕೆ ಮೊದಲೊಮ್ಮೆ ದೀಕ್ಷಾ, ಮೀನು ಕೊಯ್ಯುತ್ತಿದ್ದ ತಾಯಿಯ ಪಕ್ಕ ಬಂದು ಕೂತಿದ್ದಳು.

"ಆಯಿ, ನಂಗೆ ಇದು ಬ್ಯಾಡ."

ಹೀರಾ ತಲೆ ಎತ್ತಿರಲಿಲ್ಲ. "ಎಲ್ಲಾರಿಗೂ ಮೊದಲು ಹಂಗೇ ಅನ್ನಿಸ್ತದೆ."

ಉಂಗುರ ಬಿದ್ದ ಮರುವಾರವೇ ನದಿಯವನು ಬಂದ. ಸೂರಜ್ ಬಂದಾಗಷ್ಟೇ ಬರುತ್ತಿದ್ದ. ದೀಕ್ಷಾಳ ಮಣಿಕಟ್ಟಿನಲ್ಲಿ ನೀಲಿಗಟ್ಟಿದ ಗುರುತು ನೋಡಿ, ಕಥೆಯಲ್ಲಿದ್ದ ಹಾಗೇ ಇದೆಯಲ್ಲ ಎಂದು ಸುಮಿತಾ ಬೆವರಿದಳು.

"ಮದುವೆ ಮುರೀಬೇಕು ಅಂತ ಆ ಸತ್ತವನ ಹಟ," ಎಂದ ದೇವಿದಾಸ. "ಏನು ಮಾಡೂದೀಗ?"

"ಬೆಳಂಬಾರಕ್ಕೆ ಕರ್ಕೊಂಡು ಹೋಗುವಾ," ಎಂದಳು ಹೀರಾ. "ನಮ್ಮೂರ ಪುಂಡಲೀಕ ಬಿಡಿಸ್ತಾನೆ."

ಹೆಂಡತಿಯನ್ನು ತವರಿಗೆ ಎಂದೂ ಒಬ್ಬಳನ್ನೇ ಕಳಿಸದ ದೇವಿದಾಸ ಈ ಸಲ ಕೂಡಲೇ ಹೊರಟ.

ಕಾರು ಸೂರಜ್‌ನೇ ತಂದ. "ಎಂಥಾ ದೆವ್ವ ಬಂದ್ರೂ ನಾ ಇವಳನ್ನ ಬಿಡೂದಿಲ್ಲ," ಎಂದು ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತ ಹೇಳಿದ. ದೇವಿದಾಸನ ಕಣ್ಣು ತೇವವಾಯಿತು. ದೀಕ್ಷಾ ತಾಯಿಯ ಸೆರಗು ಹಿಡಿದುಕೊಂಡಳು.

ಪುಂಡಲೀಕನಿಗೆ ವಯಸ್ಸಾಗಿತ್ತು, ಕೈಯ ಬಲ ಇನ್ನೂ ಹೋಗಿರಲಿಲ್ಲ. ಅವನು ಬಾಯಿ ಬಿಡುವ ಮೊದಲೇ ಹೀರಾ ಒಣಮೆಣಸು, ಉಪ್ಪು, ಕೆಂಡದ ಮಡಕೆ ತಂದಿಟ್ಟಳು. ಮಾಡಿನ ಸಂದಿಯಿಂದ ಬೆತ್ತ ತೆಗೆದುಕೊಟ್ಟಳು.

"ನಿಂಗೆ ಹೇಳ್ಕೊಡೂದು ಬ್ಯಾಡ ಅಲ್ಲ ಗೋ," ಎಂದು ಮುದುಕ ನಕ್ಕ.

ಅಂಗಳದಲ್ಲಿ ಹೊಗೆ ಎದ್ದಿತು.

"ಯಾರು ನೀನು?"

"ನದಿಯವ."

"ಯಾವಾಗ ಬಿಡ್ತೆ?"

"ಅವ ಬಿಟ್ಟ ಮೇಲೆ." ಬೆರಳು ಸೂರಜ್‌ನ ಕಡೆ ತಿರುಗಿತು.

ಬೆತ್ತ ಬಿತ್ತು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಹುಡುಗಿ ಕೊಸರಾಡಿದಾಗ ಸೂರಜ್ ಅವಳ ಎರಡೂ ಮಣಿಕಟ್ಟು ಹಿಡಿದ. ಹಿಡಿಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಗಂಡುದನಿ ಒಡೆಯಿತು. ನಡುವೆ ಒಮ್ಮೆ "ಆಯೀ" ಎಂಬ ಕೂಗು ಹೊರಬಂತು.

"ಇದು ನಮ್ಮ ಹುಡುಗಿ ದನಿ!" ದೇವಿದಾಸ ಹಿಗ್ಗಿದ. "ಬಿಡ್ತಾ ಉಂಟು, ಹೊಡೀರಿ!"

ಆಗ ಹೀರಾ ಎದ್ದು ಬಂದಳು. ಮಗಳ ತಲೆಯನ್ನು ಮಡಿಲಿಗೆಳೆದುಕೊಂಡು ಕಿವಿಯ ಹತ್ತಿರ ಬಾಗಿದಳು.

"ಹೋಗ್ಬಿಡು ಮಗಾ. ನೀ ಎಷ್ಟು ಹಟ ಮಾಡ್ತೆ ಅಷ್ಟು ಹೊಡೀತಾರೆ. ಹೋಗ್ತೆ ಅಂತ ಹೇಳು. ಮುಗೀತದೆ."

ಪುಂಡಲೀಕ ತಲೆಯಾಡಿಸಿದ. ದೆವ್ವಕ್ಕೆ ನಯದ ಮಾತೂ ಬೇಕು.

ದೀಕ್ಷಾ ಕಣ್ಣು ತೆರೆದಳು. ಹೊಗೆಯಲ್ಲೇ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಗಂಡುದನಿಯಲ್ಲೇ, "ಹೋಗ್ತೆ," ಎಂದಳು.

ಪುಂಡಲೀಕನ ಬಾಯಲ್ಲೇ ಮದುವೆಗೆ ಒಳ್ಳೆಯ ದಿನ ಹೇಳಿಸಿಕೊಂಡರು. ವಾಪಸು ಬರುವಾಗ ದೀಕ್ಷಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಸೂರಜ್ ಏನು ಕೇಳಿದರೂ ಅವಳು ಹೂಂ ಅನ್ನುತ್ತಿದ್ದಳು. ಹಿಂದೆ ಕೂತ ದೇವಿದಾಸನಿಗೆ ಎದೆಯ ಕಲ್ಲು ಇಳಿದಿತ್ತು.

"ಬೆತ್ತಕ್ಕೆ ಬಗ್ಗದ್ದು ನಿನ್ನ ಮಾತಿಗೆ ಬಗ್ಗಿತು ನೋಡು. ದೆವ್ವದ ಜೊತೆ ಮಾತಾಡೂಕೆ ಎಲ್ಲಿ ಕಲಿತೆ ಮಾರಾಯ್ತಿ?"

ಹೀರಾ ಸೆರಗಿಗೆ ಹತ್ತಿದ ಬೂದಿ ಕೊಡವಿಕೊಂಡಳು. ದೇವಿದಾಸನ ಜೊತೆ ತನ್ನ ಮದುವೆ ನಿಶ್ಚಯವಾದ ವರ್ಷ ಪುಂಡಲೀಕನ ಅದೇ ಅಂಗಳದಲ್ಲಿ ದೆವ್ವ ಬಂದಂತೆ ನಟಿಸಿ ಬೆತ್ತಕ್ಕೆ ಸೋತವಳು ಅವಳೇ. ಹೋಗಿಬಿಡು ಮಗಾ ಎಂದು ಕಿವಿಯಲ್ಲಿ ಹೇಳಿದ್ದವಳು ಅವಳ ಆಯಿ.