ಪ್ಲೇಟಿನ ಮೇಲಿನ ಬೆರಳುಗಳು

ಕ್ಲಚ್ ಬಿಡುತ್ತಿದ್ದಂತೆ ಕಾರು ಗಡಗಡ ನಡುಗಿತು. ದುಬಾರಿ ಕ್ಲಚ್, ದುಬಾರಿ ಫ್ಲೈವೀಲ್, ಎರಡನ್ನೂ ಹೊಸದಾಗಿ ಕೂರಿಸಿದವಳು ಸೊಸೆ. “ನೋಡಮ್ಮ ನಿನ್ನ ಘನಂದಾರಿ ಕೆಲಸ! ನಾಳೆಯಿಂದ ಸ್ಪ್ಯಾನರ್ ಮುಟ್ಬೇಡ, ಒಳಗೆ ಕೂತು ಫೋನ್ ಎತ್ತು,” ಎಂದು ಗ್ಯಾರೇಜಿನ ಯಜಮಾನರಾದ ಮಾವ ಗಿರಾಕಿಯ ಮುಂದೆಯೇ ಗದರಿದರು.

ಅವಳು ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟನ್ನು ಹೊರತೆಗೆದಳು. ಅದರ ಮೇಲೆ ಗ್ರೀಸ್ ಹೀರಿ ಕಪ್ಪಾದ ನಾಲ್ಕು ಬೆರಳುಗಳ ಗುರುತಿತ್ತು. ಗ್ರೀಸ್ ತಗುಲಿದ ಪ್ಲೇಟು ಸಮನಾಗಿ ಹಿಡಿಯದೆ ಕಾರನ್ನು ನಡುಗಿಸುತ್ತದೆ. ಅವಳು ಆ ಗುರುತಿನ ಮೇಲೆ ತನ್ನ ಬೆರಳುಗಳನ್ನಿಟ್ಟಳು. ಅವಳ ಸಣ್ಣ ಬೆರಳುಗಳ ಸುತ್ತಲೂ ಕಪ್ಪು ಉಳಿಯಿತು.

“ಮಾವ, ಮೊನ್ನೆ ಈ ಕಾರಿನವರಿಗೆ ಹೊಸ ಪ್ಲೇಟನ್ನ ತಟ್ಟಿ ತಟ್ಟಿ ತೋರಿಸಿದ್ರಲ್ಲ, ಹಾಗೇ ಇನ್ನೊಂದ್ಸಲ ಕೈ ಇಡಿ.”

ಮಾವನ ಕೈ ಜೇಬಿಗಿಳಿಯಿತು. ಗಿರಾಕಿ ಕಿಸಕ್ಕನೆ ನಕ್ಕ.

“ನೋಡದೆ ಕೂರಿಸಿದ್ದು ನನ್ನ ತಪ್ಪು, ಒಪ್ಕೋತೀನಿ. ಬೇರೆ ಪ್ಲೇಟ್ ತರ್ಸಿ. ಕೂರಿಸೋಳು ನಾನೇ, ಅಲ್ಲೀವರೆಗೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ.”