ನಿಂಬೆಹಣ್ಣು ತುಳಿಯದ ಟೈರು

ಟೈರಿಗೆ ಜೀವ ಬಂದ ಮೇಲೆ ಟೈರ್ ಅಂಗಡಿಗೆ ಹೋಗುವುದೂ ದನದ ಸಂತೆಗೆ ಹೋದಂತೆಯೇ. ಬೆನ್ನು ತಟ್ಟಬೇಕು, ಸುಳಿ ನೋಡಬೇಕು. ನನ್ನ ಲಾರಿಯ ಹಿಂದಿನ ಟೈರುಗಳಿಗೆ ವಯಸ್ಸಾಗಿತ್ತು. ಮೊಳೆ ಚುಚ್ಚಿದರೆ ಗಾಯ ಬೇಗ ಮಾಯುತ್ತಿರಲಿಲ್ಲ.

ಹಿರಿಯೂರು ಬೈಪಾಸಿನ ದೊಡ್ಡ ಶೋರೂಮಿನವರು ಐದು ವರ್ಷ ವಾರಂಟಿ ಅಂದರು. ಚಕ್ರದಡಿ ನಿಂಬೆಹಣ್ಣು ಇಟ್ಟರೆ ಮಾತ್ರ ವಾರಂಟಿ ರದ್ದಂತೆ. ಯಾಕೆ ಅಂತ ಕೇಳಿದರೆ, "ಕಂಪನಿ ರೂಲ್ಸ್ ಸಾರ್." ನನ್ನ ಹೆಂಡತಿ ಓಬಮ್ಮ ಎದ್ದೇಬಿಟ್ಟಳು. "ನಿಂಬೆಹಣ್ಣು ತುಳಿಸದ ಲಾರೀಲಿ ಘಾಟಿ ಇಳಿಯೋದಾ? ನಾನಂತೂ ಬಿಡಲ್ಲರೀ."

ಎದುರಿನ ಚಿಕ್ಕ ಅಂಗಡಿ ಮೆಹಬೂಬ್ ಸಾಬರದು. ವಾರಂಟಿ ಮೂರೇ ವರ್ಷ. ಆದರೆ ಟೈರಿಗೆ ಜ್ವರ ಬಂದರೆ ಲಾರಿ ಎಲ್ಲಿ ನಿಂತಿದ್ದರೂ ತಾವೇ ಬಂದು ಕಷಾಯ ಕುಡಿಸುತ್ತಾರೆ. ಅಲ್ಲೇ ಕೊಂಡೆವು.

ಟೈರು ಕೂರಿಸಿದ್ದೇ ತಡ, ಓಬಮ್ಮ ಚೀಲದಿಂದ ನಿಂಬೆಹಣ್ಣು ತೆಗೆದಳು. ಸಾಬರು ಕೈ ಅಡ್ಡ ಹಿಡಿದರು.

"ಬೇಡಮ್ಮಾ, ಟೈರು ಇನ್ನೂ ಎಳೇವು. ಹುಳಿ ತಾಗಿದ್ರೆ ಚರ್ಮ ಉರಿಯುತ್ತೆ. ಬಾಳೆಹಣ್ಣು ಇಡಿ."

"ಅಯ್ಯೋ ಪಾಪ! ಇದನ್ನೇ ಬಾಯಿಬಿಟ್ಟು ಹೇಳಿದ್ರೆ ಆ ಶೋರೂಮಿನವರ ಗಂಟೇನು ಹೋಗ್ತಿತ್ತು?" ಎಂದು ಬೈಯುತ್ತಲೇ ಅವಳು ನಿಂಬೆಹಣ್ಣನ್ನು ಚೀಲಕ್ಕೆ ಹಾಕಿಕೊಂಡಳು. ಪಕ್ಕದ ಗಾಡಿಯಿಂದ ಬಾಳೆಹಣ್ಣು ತಂದು ಒಂದೊಂದು ಹೊಸ ಚಕ್ರದ ಮುಂದೂ ಇಟ್ಟಳು.

ನಾನು ಗೇರ್ ಹಾಕಿ ಆಕ್ಸಿಲರೇಟರ್ ತುಳಿದೆ. ಲಾರಿ ಅಲುಗಲಿಲ್ಲ. ಇನ್ನಷ್ಟು ತುಳಿದೆ. ಕೆಳಗಿಂದ ಚಪ್ಪರಿಸುವ ಸದ್ದು ಬಂತು.

ಬಗ್ಗಿ ನೋಡಿದ ಓಬಮ್ಮ ನನ್ನ ಮೇಲೇ ರೇಗಿದಳು.

"ಇಂಜಿನ್ ಆರಿಸ್ರೀ! ಉಣ್ಣೋಕೆ ಕೂತವರನ್ನ ಯಾರಾದ್ರೂ ಎಬ್ಬಿಸ್ತಾರಾ?"